ನೀರು ತಣ್ಣಗಾದ ಮೇಲೆ ಟ್ರೌಟ್: ಲೇಕ್ ಶಬೋ ದಡದಲ್ಲಿ ಗಾಳ ಹಾಕುವ ಕ್ರಮ

ನವೆಂಬರ್ ಕೊನೆಯ ವಾರ ಬಂತೆಂದರೆ ನಾನು ಹಳೆಯ ಥರ್ಮಾಮೀಟರೊಂದಕ್ಕೆ ಹನ್ನೆರಡು ಅಡಿ ದಾರ ಕಟ್ಟಿ, ಜೊತೆಗೊಂದು ಸೀಸದ ಗುಂಡು ಬಿಗಿದು ಕಾರಿನಲ್ಲಿ ಇಟ್ಟುಕೊಳ್ಳುತ್ತೇನೆ. ಕೆರೆಯ ದಡ ಮುಟ್ಟಿದ ಕೂಡಲೇ ಮೊದಲ ಕೆಲಸ ಅದನ್ನು ನೀರಿಗೆ ಇಳಿಸುವುದು. ಮೂರು ನಿಮಿಷ ಬಿಟ್ಟು ಸರ್ರನೆ ಮೇಲೆಳೆದು ನೋಡುತ್ತೇನೆ. 60 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿದ್ದರೆ ಗಾಳ ಹಾಕಲು ಕೂರುತ್ತೇನೆ. 70ರ ಹತ್ತಿರ ಇದ್ದರೆ ದಡದಲ್ಲಿ ಒಂದು ಸುತ್ತು ನಡೆದು ಮನೆಗೆ ಹೋಗುತ್ತೇನೆ.

ಚಳಿಯಲ್ಲಿ ಮೀನು ಸಿಗುವುದಿಲ್ಲ, ಬೇಸಿಗೆ ಬರಲಿ ಎಂದು ಕಾಯುವ ನಮ್ಮ ಕನ್ನಡದವರು ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದಲ್ಲಿ ಬಹಳ ಮಂದಿ ಇದ್ದಾರೆ. ಟ್ರೌಟ್ ವಿಷಯದಲ್ಲಿ ಅದು ತಲೆಕೆಳಗಾದ ಲೆಕ್ಕ. ರೇನ್‌ಬೋ ಟ್ರೌಟ್ ತಣ್ಣೀರಿನ ಮೀನು. 50ರಿಂದ 60 ಡಿಗ್ರಿ, ಅಂದರೆ ಸೆಲ್ಸಿಯಸ್ಸಿನಲ್ಲಿ 10ರಿಂದ 16, ಅದಕ್ಕೆ ಹಿತ. 70 ದಾಟಿದರೆ ಅದರ ಜೀವಕ್ಕೇ ಕಷ್ಟ. ಬೇಸಿಗೆಯಲ್ಲಿ ಊರ ಕೆರೆಯಲ್ಲಿ ಈಜಿದವರಿಗೆ ನೆನಪಿರಬಹುದು, ಎದೆಮಟ್ಟದ ನೀರು ಬೆಚ್ಚಗಿರುತ್ತದೆ, ಕಾಲು ಕೆಳಗೆ ಚಾಚಿದರೆ ಒಮ್ಮೆಲೇ ತಣ್ಣಗೆ ತಾಗುತ್ತದೆ. ಇಲ್ಲಿಯ ಕೆರೆಗಳೂ ಬೇಸಿಗೆಯಲ್ಲಿ ಹಾಗೆಯೇ ಪದರ ಪದರವಾಗಿ ನಿಲ್ಲುತ್ತವೆ. ಮೇಲಿನ ನೀರು ಬಿಸಿ, ತಳದ ನೀರಿನಲ್ಲಿ ಆಮ್ಲಜನಕ ಕಮ್ಮಿ. ಟ್ರೌಟ್ ಎರಡರ ನಡುವೆ, ದಡದಿಂದ ದೂರ, ದೋಣಿ ಇದ್ದವರಿಗಷ್ಟೇ ಸಿಗುವ ಆಳದಲ್ಲಿ ಸಿಕ್ಕಿಕೊಂಡಿರುತ್ತದೆ. ನವೆಂಬರಿನ ರಾತ್ರಿಗಳು ಶುರುವಾದ ಮೇಲೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ಕೆರೆಯೆಲ್ಲ ಕಲೆತು ಒಂದೇ ಹದಕ್ಕೆ ಬರುತ್ತದೆ. ಆಮೇಲೆ ಟ್ರೌಟಿಗೆ ಎಲ್ಲ ಕಡೆಯೂ ಮನೆಯೇ, ನಿಮ್ಮ ಕಾಲಬುಡದ ಆರಡಿ ನೀರೂ ಸೇರಿ. ದೋಣಿ ಇಲ್ಲದವರಿಗೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಇರುವ ಅನುಕೂಲ ವರ್ಷದಲ್ಲಿ ಇನ್ನು ಯಾವಾಗಲೂ ಇಲ್ಲ. ಕೆರೆಗಳಿಗೆ ಟ್ರೌಟ್ ತಂದು ಬಿಡುವುದೂ ನೀರು ತಣ್ಣಗಿರುವ ಈ ತಿಂಗಳುಗಳಲ್ಲೇ.

ನನ್ನ ಕೆರೆ ಲೇಕ್ ಶಬೋ. ಕ್ಯಾಸ್ಟ್ರೋ ವ್ಯಾಲಿಯ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಫ್ರೀಮಾಂಟಿನವರಿಗೆ ಕ್ವಾರಿ ಲೇಕ್ಸ್ ಹತ್ತಿರ, ಪ್ಲೆಸಂಟನ್ನಿನವರಿಗೆ ಶ್ಯಾಡೋ ಕ್ಲಿಫ್ಸ್. ಎರಡೂ ಜಲ್ಲಿ ತೆಗೆದ ಗುಂಡಿಗಳಲ್ಲಿ ನೀರು ನಿಂತು ಆದ ಕೆರೆಗಳು, ದಡದಿಂದಲೇ ಬೇಗ ಆಳವಾಗುತ್ತವೆ. ಲಿವರ್‌ಮೋರಿನ ಡೆಲ್ ವ್ಯಾಲೆ ಇವುಗಳಿಗಿಂತ ದೊಡ್ಡದು, ಇಡೀ ದಿನ ಇಟ್ಟುಕೊಂಡು ಹೋಗಬೇಕು. ನಾನು ಹೇಳುವುದು ಎಲ್ಲಕ್ಕೂ ಹೊಂದುತ್ತದೆ, ಆದರೆ ನನಗೆ ಕಲ್ಲು ಕಲ್ಲೂ ಗೊತ್ತಿರುವುದು ಶಬೋ.

ಆ ಕೆರೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ನೀರು ತರುವುದು ಸ್ಯಾನ್ ಲಿಯಾಂಡ್ರೋ ಹಳ್ಳ. 1855ರಲ್ಲಿ ವಿಲಿಯಂ ಗಿಬ್ಬನ್ಸ್ ಎಂಬ ವೈದ್ಯರು ಈ ಹಳ್ಳದ ಮೀನನ್ನೇ ನೋಡಿ ರೇನ್‌ಬೋ ಟ್ರೌಟಿಗೆ ಕಾಮನಬಿಲ್ಲಿನ ಅರ್ಥದ ಲ್ಯಾಟಿನ್ ಹೆಸರು ಕೊಟ್ಟರು. ರಷ್ಯಾದ ಕಮ್ಚಟ್ಕಾದ ಮೀನೂ ಇದೂ ಒಂದೇ ಜಾತಿ ಎಂದು ತಿಳಿದ ಮೇಲೆ ಶಾಸ್ತ್ರೀಯ ಹೆಸರು ಬದಲಾಯಿತು, ಆದರೆ ಕಾಮನಬಿಲ್ಲು ಜನರ ಬಾಯಲ್ಲಿ ಉಳಿಯಿತು. ಇಪ್ಪತ್ತು ವರ್ಷದ ಮೇಲೆ ಆಂಥನಿ ಶಬೋ ಎಂಬ ಉದ್ಯಮಿ ಅದೇ ಹಳ್ಳಕ್ಕೆ ಮಣ್ಣಿನ ಕಟ್ಟೆ ಕಟ್ಟಿಸಿದರು. ಮಣ್ಣು ಗಟ್ಟಿಯಾಗಲೆಂದು ಕಾಡುಕುದುರೆಗಳ ಹಿಂಡನ್ನು ಅದರ ಮೇಲೆ ತುಳಿಸಿದರಂತೆ. ಆ ಮೂಲ ಮೀನಿನ ಸಂತಾನ ಈಗಲೂ ಮೇಲ್ಭಾಗದ ರೆಡ್‌ವುಡ್ ಹಳ್ಳದಲ್ಲಿ ಇದೆ. ಅಲ್ಲಿ ಗಾಳ ಹಾಕುವಂತಿಲ್ಲ. ಮಳೆಗಾಲದಲ್ಲಿ ಮೊಟ್ಟೆಯಿಡಲು ಹತ್ತಿ ಬರುವ ಮೀನನ್ನು ದಡದಲ್ಲಿ ನಿಂತು ನೋಡಬಹುದು, ಅಷ್ಟೇ. ತುಂಗೆಯ ಮತ್ಸ್ಯಧಾಮ ಚಿಪ್ಪಲಗುಡ್ಡೆಯಲ್ಲಿ ಮೀನನ್ನು ಮುಟ್ಟದೆ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಕೆಳಗಿನ ಕೆರೆಯಲ್ಲಿ ನಾವು ಹಿಡಿಯುವುದು ಸಾಕಿ ತಂದು ಬಿಟ್ಟ ಮೀನು.

ಈಗ ಕಾಗದಪತ್ರ. ಹದಿನಾರು ತುಂಬಿದವರಿಗೆಲ್ಲ ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಲೈಸೆನ್ಸ್ ಬೇಕು. ಪಾರ್ಕಿನ ದಿನದ ಪರ್ಮಿಟ್ ಬೇರೆ, ಆ ಹಣ ಕೆರೆಗೆ ಮೀನು ಬಿಡುವುದಕ್ಕೆ ಹೋಗುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಗಾಳ ಹಿಡಿಯುವುದಾದರೆ ಅವರಿಗೂ ಬೇಕು. ಒಂದು ದಿನದ್ದು, ಎರಡು ದಿನದ್ದು, ಹೊರಗಿನವರಿಗೆ ಹತ್ತು ದಿನದ್ದು ಎಂದು ಸಿಗುತ್ತದೆ. "ಸುಮ್ಮನೆ ಹಿಡ್ಕೊಂಡಿದ್ರು ಅಷ್ಟೆ" ಎಂಬ ಮಾತು ಲೈಸೆನ್ಸ್ ಕೇಳುವ ವಾರ್ಡನ್ ಮುಂದೆ ನಡೆಯುವುದಿಲ್ಲ. ಒಬ್ಬರಿಗೆ ಒಂದು ಗಾಳದ ಕೋಲು, ಎರಡನೆಯದಕ್ಕೆ ಬೇರೆ ದುಡ್ಡು. ದಿನಕ್ಕೆ ಐದು ಟ್ರೌಟ್. ಹೊರಡುವ ಮೊದಲು ಆ ಕೆರೆಯ ಈ ವರ್ಷದ ನಿಯಮವನ್ನು ಒಮ್ಮೆ ಓದಿಕೊಳ್ಳಿ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರುವುದಿಲ್ಲ. ಊರಲ್ಲಿ ಮಾಡುವಂತೆ ಅನ್ನದ ಉಂಡೆ, ಹಿಂಡಿ, ಹಿಟ್ಟು ಎರಚಿ ಮೀನು ಕೂಡಿಸುವುದು ಇಲ್ಲಿಯ ಕೆರೆಗಳಲ್ಲಿ ಕಾನೂನಿಗೆ ವಿರುದ್ಧ. ಶಬೋದಲ್ಲಿ ನೀರಿಗೆ ಇಳಿಯುವುದೂ ಇಲ್ಲ, ಅದು ತುರ್ತಿಗೆ ಕುಡಿಯಲು ಕಾಪಿಟ್ಟ ನೀರು.

ನನ್ನ ಮೊದಲ ಚಳಿಗಾಲದಲ್ಲಿ ಒಂದು ಮೀನೂ ಸಿಗಲಿಲ್ಲ. ಎಂಟು ಶನಿವಾರ, ಎಂಟೂ ಖಾಲಿ. ಅಂಗಡಿಯಲ್ಲಿ ಕೊಟ್ಟ ಹನ್ನೆರಡು ಪೌಂಡು ಭಾರ ತಡೆಯುವ ದಪ್ಪ ದಾರ, ಬೆಕ್ಕುಮೀನಿಗೆ ಆಗುವಂಥ ಕೊಕ್ಕೆ, ನೆಲ್ಲಿಕಾಯಿ ಗಾತ್ರದ ಆಹಾರ ಹಾಕಿಕೊಂಡು ಕೂತಿದ್ದೆ. ಚಳಿಗಾಲದ ನೀರು ತಿಳಿಯಾಗಿರುತ್ತದೆ, ಟ್ರೌಟಿನ ಕಣ್ಣು ಚುರುಕು. ದಪ್ಪ ದಾರ ಕಂಡರೆ ಹತ್ತಿರ ಬಂದು ತಿರುಗಿ ಹೋಗುತ್ತದೆ. ಹಾಗಾಗಿ ಸಲಕರಣೆಯಲ್ಲಿ ದುಡ್ಡು ಖರ್ಚು ಮಾಡುವುದಾದರೆ ಕೋಲಿಗಲ್ಲ, ದಾರಕ್ಕೆ ಮಾಡಿ. ಆರೂವರೆ ಏಳಡಿಯ ಹಗುರ ಕೋಲು, ದಾರ ಸುತ್ತುವ ಸಣ್ಣ ಸ್ಪಿನ್ನಿಂಗ್ ರೀಲು, ಅದರಲ್ಲಿ ನಾಲ್ಕು ಅಥವಾ ಆರು ಪೌಂಡಿನ ದಾರ, ಇಷ್ಟು ಸಾಕು.

ಕಟ್ಟುವ ಕ್ರಮ ಹೀಗೆ. ರೀಲಿನ ದಾರಕ್ಕೆ ನಡುವೆ ತೂತಿರುವ ಸೀಸದ ಗುಂಡು ಪೋಣಿಸಿ. ಕಾಲು ಔನ್ಸ್ ಸಾಕು, ಗಾಳಿ ಜೋರಿದ್ದರೆ ಸ್ವಲ್ಪ ಹೆಚ್ಚು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಮಣಿ, ಗಂಟಿಗೆ ಸೀಸ ಬಡಿಯದಿರಲಿ ಎಂದು. ಆಮೇಲೆ ಸಣ್ಣ ಸ್ವಿವೆಲ್, ಅಂದರೆ ತಿರುಗುವ ಲೋಹದ ಕೊಂಡಿ, ಕಟ್ಟಿ. ಸ್ವಿವೆಲ್ಲಿನ ಇನ್ನೊಂದು ಬದಿಗೆ ಮೂರು ಅಥವಾ ನಾಲ್ಕು ಪೌಂಡಿನ, ನೀರಿನಲ್ಲಿ ಎದ್ದು ಕಾಣದ ಫ್ಲೂರೋಕಾರ್ಬನ್ ದಾರ, ಒಂದೂವರೆ ಮೊಳ ಉದ್ದ. ತಳದಲ್ಲಿ ಪಾಚಿ ಹೆಚ್ಚಿದ್ದರೆ ಎರಡು ಮೊಳ. ತುದಿಗೆ 16ನೇ ನಂಬರಿನ ಮೂರು ಮುಳ್ಳಿನ ಪುಟ್ಟ ಕೊಕ್ಕೆ (ನಂಬರು ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು). ಗಂಟು ಬಿಗಿಯುವ ಮೊದಲು ದಾರವನ್ನು ಎಂಜಲಿನಿಂದ ಒದ್ದೆ ಮಾಡಿ. ಒಣದಾರ ಬಿಗಿದರೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಈ ಕಟ್ಟಿನ ಗುಟ್ಟು ಇಷ್ಟೇ: ಮೀನು ಎಳೆದಾಗ ದಾರ ಸೀಸದೊಳಗಿಂದ ಜಾರಿ ಹೋಗುತ್ತದೆ, ಬಾಯಿಗೆ ಭಾರ ತಾಗುವುದಿಲ್ಲ. ಭಾರ ತಾಗಿದರೆ ತಣ್ಣೀರಿನ ಟ್ರೌಟ್ ಉಗುಳಿಬಿಡುತ್ತದೆ.

ಆಹಾರಕ್ಕೆ ಡಬ್ಬಿಯಲ್ಲಿ ಬರುವ ತೇಲುವ ಹಿಟ್ಟು, ಪವರ್‌ಬೈಟ್. ಸಾಕಿದ ಮೀನು ಕಾಳು ತಿಂದು ಬೆಳೆದಿರುತ್ತದೆ, ಹೊಸದಾಗಿ ಬಿಟ್ಟ ಮೀನಿಗೆ ಇದು ಬೇಗ ಒಗ್ಗುತ್ತದೆ. ನೆನೆದ ಕಡಲೆಕಾಳಿನಷ್ಟು ತೆಗೆದು ಕೊಕ್ಕೆಯ ಮೂರೂ ಮುಳ್ಳು ಮುಚ್ಚುವಂತೆ ಒತ್ತಿ. ಎಸೆಯುವ ಮೊದಲು ಕಾಲಬುಡದ ನೀರಿನಲ್ಲಿ ಬಿಟ್ಟು ನೋಡಲೇಬೇಕು. ಕೊಕ್ಕೆ ಸಹಿತ ಮೇಲಕ್ಕೆ ಏಳಬೇಕು. ಮುಳುಗಿದರೆ ಇನ್ನೊಂದು ಚೂರು ಸೇರಿಸಿ. ಸೀಸ ತಳದಲ್ಲಿ ಕೂತು, ಹಿಟ್ಟು ಒಂದೂವರೆ ಮೊಳ ಮೇಲೆ ತೇಲುತ್ತಾ, ಅಡ್ಡಾಡುವ ಮೀನಿನ ಕಣ್ಣ ಮಟ್ಟದಲ್ಲಿ ನಿಲ್ಲಬೇಕು. ಸೆಟೆದ ಚಳಿಯಲ್ಲಿ ಕಡಲೆಕಾಳನ್ನೂ ಇಳಿಸಿ ಹೆಸರುಕಾಳು ಮಾಡುತ್ತೇನೆ, ಕೊಕ್ಕೆಯನ್ನೂ ಅದಕ್ಕೆ ತಕ್ಕಂತೆ 18ನೇ ನಂಬರಿಗೆ ಇಳಿಸುತ್ತೇನೆ. ಮೀನಿನ ರಕ್ತ ನೀರಿನಷ್ಟೇ ತಣ್ಣಗೆ, ಹೊಟ್ಟೆ ನಿಧಾನ, ದೊಡ್ಡ ತುತ್ತು ಅದಕ್ಕೆ ಬೇಡ. ಎರೆಹುಳವೂ ನಡೆಯುತ್ತದೆ. ಇಡೀ ಹುಳ ಬೇಡ, ಅರ್ಧ ಸಾಕು. ಅದಕ್ಕಾದರೆ ಒಂಟಿ ಮುಳ್ಳಿನ ಎಂಟನೇ ನಂಬರಿನ ಕೊಕ್ಕೆ ಹಾಕಿ.

ಮೂರು ವರ್ಷದ ಹಿಂದೆ ಮಾವಯ್ಯ ತೀರ್ಥಹಳ್ಳಿಯಿಂದ ಬಂದಿದ್ದರು. ಆರು ತಿಂಗಳ ವಾಸ, ಅದೂ ಚಳಿಗಾಲ. ಕಿಟಕಿಯ ಹತ್ತಿರ ಕೂತು ಕೂತು ಅವರ ಮುಖ ಸಣ್ಣಗಾಗಿತ್ತು. ಒಂದು ದಿನ ಕೆರೆಗೆ ಕರೆದುಕೊಂಡು ಹೋದೆ. ನಾನು ಎಸೆಯುವುದು, ಎರಡು ನಿಮಿಷಕ್ಕೆ ಎಳೆಯುವುದು, ಮತ್ತೆ ಎಸೆಯುವುದು ಮಾಡುತ್ತಿದ್ದೆ. ಅರ್ಧ ಗಂಟೆ ಸುಮ್ಮನೆ ನೋಡಿ ಅವರು, "ಎಂತಕ್ಕೆ ಹಂಗೆ ಎಳ್ದಾಡ್ತೀಯ ಮಾರಾಯ್ತಿ? ಅದಕ್ಕೂ ಒಂಚೂರು ಪುರ್ಸೊತ್ತು ಬೇಡನಾ?" ಎಂದರು. ನೆಲದಿಂದ ಒಂದು ಒಣ ಎಲೆ ಎತ್ತಿ, ಮಡಚಿ, ಕೋಲಿನ ಮೊದಲ ಎರಡು ಉಂಗುರಗಳ ನಡುವೆ ದಾರಕ್ಕೆ ಸಿಕ್ಕಿಸಿ ಸ್ವಲ್ಪ ಸಡಿಲ ಬಿಟ್ಟರು. ಕೋಲಿನ ತುದಿ ನೋಡಬೇಡ, ಎಲೆ ನೋಡು ಎಂದರು. ಎಂಟು ಶನಿವಾರ ನನಗೆ ಗೊತ್ತಾಗದ ವಿಷಯ ಅದು. ಚಳಿಯಲ್ಲಿ ಟ್ರೌಟ್ ಕೋಲು ಬಗ್ಗುವಂತೆ ಎಳೆಯುವುದಿಲ್ಲ. ಬಾಯಲ್ಲಿ ಇಟ್ಟುಕೊಂಡು ನಿಲ್ಲುತ್ತದೆ, ಮೆಲ್ಲಗೆ ಒಂದಡಿ ಸರಿಯುತ್ತದೆ. ಕೋಲಿನ ತುದಿಗೆ ಏನೂ ತಿಳಿಯದು, ಎಲೆ ಮಾತ್ರ ಒಂದಿಂಚು ಏರಿ ನಿಲ್ಲುತ್ತದೆ.

ಎಲೆ ಏರಿತು ಎಂದು ಜಗ್ಗಬೇಡಿ. ಅದು ಎರಡನೇ ಸಲ ಏರಿ, ಏರುತ್ತಲೇ ಹೋದಾಗ ಎಲೆಯನ್ನು ಕಿತ್ತು, ಸಡಿಲ ದಾರವನ್ನು ಸುತ್ತಿಕೊಂಡು, ಭಾರ ತಾಗಿದ ಮೇಲೆ ಕೋಲನ್ನು ಮೆಲ್ಲಗೆ ಎತ್ತಿ. ಟ್ರೌಟಿನ ಬಾಯಿ ಮೆತ್ತಗೆ, ಹೊಡೆದು ಎಳೆದರೆ ಹರಿಯುತ್ತದೆ. ಒಂದು ಕಡೆ ಹಾಕಿದರೆ ಇಪ್ಪತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಎರಡು ಮೊಳ ಎಳೆದು ಮತ್ತೆ ಹತ್ತು ನಿಮಿಷ ಬಿಡಿ. ನಲವತ್ತು ನಿಮಿಷದಲ್ಲಿ ಎಲೆ ಅಲುಗದಿದ್ದರೆ ಹಿಟ್ಟಿನ ಬಣ್ಣ ಬದಲಿಸುವುದಕ್ಕಿಂತ ಜಾಗ ಬದಲಿಸಿ. ಬಣ್ಣದ ಬಗ್ಗೆ ದಡದಲ್ಲಿ ಬಹಳ ವಾದ ನಡೆಯುತ್ತದೆ. ನನ್ನ ಅನುಭವದಲ್ಲಿ ನೀರು ಮಳೆಗೆ ಕದಡಿದಾಗ ಢಾಳಾದ ಹಳದಿ, ಕಿತ್ತಳೆ, ತಿಳಿಯಾದಾಗ ಮಂಕು ಬಣ್ಣ, ಇಷ್ಟು ನೋಡಿಕೊಂಡರೆ ಆಯಿತು. ಜಾಗದ ಮುಂದೆ ಬಣ್ಣ ಏನೂ ಅಲ್ಲ.

ಜಾಗ ಹೇಗೆ ತಿಳಿಯುವುದು? ಹಕ್ಕಿ ನೋಡಿ. ಮೀನು ಬಿಟ್ಟ ಮೊದಲ ಒಂದೆರಡು ದಿನ ಟ್ರೌಟ್ ಬಿಟ್ಟ ಜಾಗದ ಆಸುಪಾಸಿನಲ್ಲೇ ಗುಂಪಾಗಿ, ಮೇಲ್ಮೈ ಹತ್ತಿರ ಸುತ್ತುತ್ತಿರುತ್ತದೆ. ಅದು ನಮಗಿಂತ ಮೊದಲು ನೀರುಕಾಗೆಗಳಿಗೆ ಗೊತ್ತಾಗುತ್ತದೆ. ಹತ್ತಾರು ನೀರುಕಾಗೆ ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಅಲ್ಲಿ ಮೀನಿದೆ. ನಾಮದ ಕೋಳಿಗಳನ್ನು ನಂಬಬೇಡಿ, ಅವು ಪಾಚಿ ತಿನ್ನುತ್ತಿರುತ್ತವೆ. ಶಬೋದಲ್ಲಿ ಕೂಟ್ ಲ್ಯಾಂಡಿಂಗ್ ಎಂದು ನಾಮದ ಕೋಳಿಯ ಹೆಸರಿನ ಜಾಗವೇ ಇದೆ, ನಾನು ಹೆಚ್ಚು ಹೊತ್ತು ಕೂರುವುದು ಅಲ್ಲೇ. ಗುಂಪು ಚದುರಿದ ಮೇಲೆ ಮೀನು ದಡದಗುಂಟ ತಿರುಗುತ್ತದೆ. ಆಗ ನೀರೊಳಗೆ ಚಾಚಿದ ನೆಲದ ಮೂಗುಗಳ ಮೇಲೆ ನಿಲ್ಲಬೇಕು. ರಕೂನ್ ಪಾಯಿಂಟ್, ಆಲ್ಡರ್ ಪಾಯಿಂಟ್ ಅಂಥವು. ತಿರುಗುವ ಮೀನು ಮೂಗನ್ನು ಸುತ್ತಿಯೇ ಹೋಗಬೇಕು. ಗಾಳಿ ಎರಡು ದಿನ ಒಂದೇ ಕಡೆಗೆ ಬೀಸಿದ್ದರೆ ಅದು ಬಡಿಯುವ ದಡಕ್ಕೆ ಹೋಗಿ. ಮುಖಕ್ಕೆ ಚಳಿ ಹೊಡೆಯುತ್ತದೆ ನಿಜ, ಆದರೆ ಮೀನಿನ ಆಹಾರವೂ ಅತ್ತಲೇ ತೇಲಿ ಬಂದಿರುತ್ತದೆ.

ಹೊತ್ತಿನ ಬಗ್ಗೆ ಎಲ್ಲರೂ ಹೇಳುವುದು ಮುಂಜಾನೆ ಎಂದು. ನವೆಂಬರಿನಲ್ಲಿ, ಮಾರ್ಚಿನಲ್ಲಿ ಅದು ಸರಿ. ಜನವರಿಯಲ್ಲಿ ನೀರು 50ಕ್ಕೆ ಇಳಿದ ಮೇಲೆ ನಾನು ಹತ್ತು ಗಂಟೆಗೆ ಹೊರಡುತ್ತೇನೆ. ಬಿಸಿಲು ಬಿದ್ದ ದಡದ ನೀರು ಹನ್ನೊಂದರಿಂದ ಎರಡರ ನಡುವೆ ಒಂದೆರಡು ಡಿಗ್ರಿ ಏರುತ್ತದೆ, ಮೀನಿಗೆ ಹಸಿವು ಏಳಲು ಅಷ್ಟು ಸಾಕು. ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯುವವರಿಗೆ ಇದರಿಂದ ಅನುಕೂಲ. ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ತುಂಬಿಕೊಳ್ಳಿ, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಳ್ಳಿ. ಮರಗಟ್ಟಿದ ಬೆರಳಲ್ಲಿ ಗಂಟು ಹಾಕಲು ಬಾರದು. ಕೊಕ್ಕೆ ಕಟ್ಟಿದ ನಾಲ್ಕೈದು ದಾರಗಳನ್ನು ಹಿಂದಿನ ರಾತ್ರಿಯೇ ಮಾಡಿ ರಟ್ಟಿಗೆ ಸುತ್ತಿಟ್ಟುಕೊಂಡರೆ ಉತ್ತಮ.

ಮಾವಯ್ಯನಿಗೆ ತಳದ ಗಾಳಕ್ಕಿಂತ ಬೆಂಡಿನ ಗಾಳ ಇಷ್ಟವಾಯಿತು. ಇದೂ ತಣ್ಣೀರಿಗೆ ಹೇಳಿ ಮಾಡಿಸಿದ್ದು. ಔನ್ಸಿನ ಮೂವತ್ತೆರಡನೇ ಒಂದು ಭಾಗ ತೂಗುವ, ಪುಕ್ಕದಂಥ ಬಾಲದ ಪುಟ್ಟ ಜಿಗ್ (ತಲೆಗೆ ಭಾರ ಕೂರಿಸಿದ ಕೊಕ್ಕೆ), ಅದರ ಮೇಲೆ ನಾಲ್ಕರಿಂದ ಆರಡಿಗೆ ಬೆಂಡು. ಎಸೆದು ಬಿಟ್ಟರೆ ಸಣ್ಣ ಅಲೆ ಬೆಂಡನ್ನು ಕುಣಿಸುತ್ತದೆ, ಕೆಳಗೆ ಜಿಗ್ ತಾನೇ ಏರಿಳಿಯುತ್ತದೆ. ನೀರು ಕನ್ನಡಿಯಂತಿದ್ದರೆ ಮಾತ್ರ ಅರ್ಧ ನಿಮಿಷಕ್ಕೊಮ್ಮೆ ಬೆರಳಲ್ಲಿ ಒಂದು ಮಿಡಿತ. ಮೀನು ಜಿಗ್ಗನ್ನು ಕೆಳಗಿನಿಂದ ತೆಗೆದುಕೊಂಡು ಮೇಲೆ ಬಂದರೆ ಬೆಂಡು ಮುಳುಗುವುದಿಲ್ಲ, ಅಡ್ಡ ಬೀಳುತ್ತದೆ. ಅದೂ ಕಚ್ಚಿದ್ದೇ, ಎತ್ತಿ. ಅವರು ಆ ಎರಡು ದಿನದ ಲೈಸೆನ್ಸಿನಲ್ಲಿ ಹಿಡಿದ ಮೂರು ಮೀನೂ ಅಡ್ಡ ಬಿದ್ದ ಬೆಂಡಿನವೇ. ಲೋಹದ ಚಮಚದಂತೆ ಹೊಳೆಯುವ ಕಾಸ್ಟ್‌ಮಾಸ್ಟರ್, ತಿರುಗುವ ಸ್ಪಿನ್ನರುಗಳೂ ಕೆಲಸ ಮಾಡುತ್ತವೆ. ಬೇಸಿಗೆಯ ಅರ್ಧ ವೇಗದಲ್ಲಿ, ಅಲಗು ತಿರುಗಲು ಬೇಕಾದಷ್ಟು ಮಾತ್ರ ಎಳೆಯಿರಿ.

ಮೀನು ಸಿಕ್ಕಿತು ಎನ್ನಿ. ಇಲ್ಲಿ ರೀಲಿನ ಡ್ರ್ಯಾಗ್, ಅಂದರೆ ಎಷ್ಟು ಎಳೆತಕ್ಕೆ ದಾರ ಜಾರಬೇಕೆಂಬ ಬಿಗಿ, ಮುಖ್ಯ. ನಾನು ಮನೆಯಲ್ಲೇ ಒಂದು ಪೌಂಡಿನ ತೊಗರಿಬೇಳೆ ಪೊಟ್ಟಣವನ್ನು ದಾರಕ್ಕೆ ಕಟ್ಟಿ ಎತ್ತುತ್ತೇನೆ. ಪೊಟ್ಟಣ ನೆಲ ಬಿಡುತ್ತಲೇ ದಾರ ಜಾರಲು ಶುರುವಾಗಬೇಕು. ಅಷ್ಟು ಸಡಿಲವಿದ್ದರೆ ನಾಲ್ಕು ಪೌಂಡಿನ ದಾರದಲ್ಲಿ ಐದು ಪೌಂಡಿನ ಮೀನನ್ನೂ ತರಬಹುದು. ನನ್ನ ಕೈಯಿಂದ ಹೋದ ಅತಿ ದೊಡ್ಡ ಮೀನು ಡ್ರ್ಯಾಗ್ ಬಿಗಿಯಿದ್ದ ದಿನ ದಡದಿಂದ ಎರಡು ಮೊಳದಲ್ಲಿ ದಾರ ಕಡಿದು ಹೋಯಿತು. ದಡ ಕಂಡ ಕೂಡಲೇ ಟ್ರೌಟ್ ಕೊನೆಯ ಓಟ ಓಡುತ್ತದೆ, ಆಗ ರೀಲು ಸುತ್ತಬೇಡಿ. ಓಡಲಿ. ಬಲೆಯನ್ನು ಮೊದಲೇ ನೀರಿಗಿಟ್ಟು ತಲೆ ಮುಂದಾಗಿ ಅದರೊಳಗೆ ತನ್ನಿ.

ಹಿಟ್ಟಿನಿಂದ, ಹುಳದಿಂದ ಹಿಡಿದ ಮೀನನ್ನು ಬಿಡುವ ಆಲೋಚನೆ ಇಟ್ಟುಕೊಳ್ಳಬೇಡಿ. ಅದು ಹೆಚ್ಚಾಗಿ ಕೊಕ್ಕೆ ನುಂಗಿರುತ್ತದೆ, ಬಿಟ್ಟರೂ ಎಷ್ಟೋ ಸಲ ಸಾಯುತ್ತದೆ. ಬಿಡುವ ಮನಸ್ಸಿದ್ದರೆ ಒಂಟಿ ಮುಳ್ಳಿನ ಜಿಗ್ ಹಾಕಿ, ಮುಳ್ಳಿನ ತುದಿಯ ಹಿಂದೆ ಚಾಚಿದ ಸಣ್ಣ ಕೊಕ್ಕನ್ನು ಇಕ್ಕಳದಿಂದ ಒತ್ತಿಬಿಡಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ನೀರಿನಲ್ಲಿಟ್ಟೇ ಬಿಡಿಸಿ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ದಾರ ಕತ್ತರಿಸಿ. ತಿನ್ನಲು ಇಟ್ಟುಕೊಳ್ಳುವುದಾದರೆ ಕೂಡಲೇ ತಲೆಗೆ ಒಂದು ಬಲವಾದ ಏಟು ಕೊಟ್ಟು, ಕಿವಿರು ಕತ್ತರಿಸಿ ರಕ್ತ ಬಿಟ್ಟು, ಮಂಜುಗಡ್ಡೆಯಲ್ಲಿಡಿ. ದಾರಕ್ಕೆ ಪೋಣಿಸಿ ನೀರಿನಲ್ಲಿ ಗಂಟೆಗಟ್ಟಲೆ ಒದ್ದಾಡಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೀನಿಗೂ ಹಿಂಸೆ, ಮಾಂಸವೂ ಕೆಡುತ್ತದೆ. ಕಡಿದ ದಾರವನ್ನು ಚೂರೂ ಬಿಡದೆ ಜೇಬಿಗೆ ಹಾಕಿಕೊಳ್ಳಿ. ಕಾಲಿಗೆ ದಾರ ಸುತ್ತಿಕೊಂಡ ನಾಮದ ಕೋಳಿಯೊಂದನ್ನು ನಾನು ಬಿಡಿಸಿದ್ದೇನೆ. ದಾರ ಮೂಳೆಯವರೆಗೆ ಇಳಿದಿತ್ತು.

ಇಲ್ಲಿಯ ಕೆರೆಗಳ ಬಾಸ್ ಮೀನಿನಲ್ಲಿ ಪಾದರಸ ಹೆಚ್ಚು, ಅದನ್ನು ನಾನು ಮನೆಗೆ ತರುವುದಿಲ್ಲ. ಟ್ರೌಟ್ ಕೆರೆಗೆ ಬಂದು ಹೆಚ್ಚು ದಿನ ಆಗಿರುವುದಿಲ್ಲವಾದ್ದರಿಂದ ಅದರಲ್ಲಿ ಕಡಿಮೆ. ಹೊಟ್ಟೆ ಸೀಳಿದ ಮೇಲೆ ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳ ಉಗುರಿನಲ್ಲಿ ಪೂರ್ತಿ ಕೆರೆದು ತೆಗೆಯಿರಿ. ಅದು ಉಳಿದರೆ ವಾಸನೆ ಉಳಿಯುತ್ತದೆ. ಹುರುಪೆ ತೆಗೆಯುವ ಕೆಲಸವಿಲ್ಲ, ಟ್ರೌಟಿನ ಹುರುಪೆ ಅಷ್ಟು ಸಣ್ಣದು. ಕೆಸರಿನ ವಾಸನೆಗೆ ಹುಳಿಯೇ ಮದ್ದು. ಮಾವಯ್ಯ ಸೂಟ್‌ಕೇಸಿನಲ್ಲಿ ತಂದಿದ್ದ ವಾಟೆಹುಳಿ ಪುಡಿಯನ್ನು ಉಪ್ಪು, ಅರಿಶಿನ, ಖಾರದಪುಡಿ ಜೊತೆ ಕಲಸಿ ಒಳಗೂ ಹೊರಗೂ ಸವರಿ ಅರ್ಧ ಗಂಟೆ ಬಿಟ್ಟಿದ್ದೆವು. ಹುಣಸೆ ರಸವೂ ಆಗುತ್ತದೆ. ಮಸಾಲೆ ಹೆಚ್ಚು ಬೇಡ, ಇದು ಬಂಗುಡೆಯಲ್ಲ, ಇದರ ರುಚಿ ಮೆದು. ಅಕ್ಕಿಹಿಟ್ಟಿಗೆ ಸ್ವಲ್ಪ ಚಿರೋಟಿ ರವೆ ಬೆರೆಸಿ ಅದರಲ್ಲಿ ಹೊರಳಿಸಿ, ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಬಿಟ್ಟು, ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ. ತಾನಾಗಿ ಕಾವಲಿ ಬಿಡುವವರೆಗೆ ತಿರುಗಿಸಬೇಡಿ. ಬೆಂದ ಮೀನಿನ ಮೇಲಿನ ಅರ್ಧ ಎತ್ತಿಟ್ಟು, ಬಾಲ ಹಿಡಿದು ತಲೆಯ ಕಡೆಗೆ ಮೆಲ್ಲಗೆ ಎಳೆದರೆ ಮುಳ್ಳೆಲ್ಲ ಬಾಚಣಿಗೆಯಂತೆ ಒಟ್ಟಿಗೆ ಎದ್ದು ಬರುತ್ತದೆ. ಒಂದೆರಡು ಸಣ್ಣ ಮುಳ್ಳು ಉಳಿದಿರಬಹುದು, ಮಕ್ಕಳಿಗೆ ಬಡಿಸುವ ಮುಂಚೆ ಬೆರಳಾಡಿಸಿ ನೋಡಿ.